ಎರೆದ ಕೈಯೋ, ಎಳೆದ ಕೈಯೋ

ಕೇಸು ಹಾಕಬೇಡ ಎಂದು ನನಗೆ ಬುದ್ಧಿ ಹೇಳದವರು ಈ ಜಿಲ್ಲೆಯಲ್ಲಿ ಯಾರಾದರೂ ಉಳಿದಿದ್ದರೆ ದಯವಿಟ್ಟು ಈಗಲೇ ಬಂದು ಹೇಳಿಬಿಡಲಿ. ಕುಳಿತು ಕೇಳುತ್ತೇನೆ, ಟೀ ಕೊಡುತ್ತೇನೆ, ಆಮೇಲೆ ನನ್ನ ಕೆಲಸ ನಾನು ಮಾಡುತ್ತೇನೆ. ನನ್ನ ಗಂಡನ ದೊಡ್ಡಪ್ಪ ಹೇಳಿದ್ದಾಯಿತು. ಎದುರು ಮನೆಯ ಮೇಷ್ಟ್ರು ಹೇಳಿದ್ದಾಯಿತು. ಹಿರಿಯೂರು ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ, ಹೆಸರೂ ಗೊತ್ತಿಲ್ಲದ ಹೆಂಗಸೊಬ್ಬರು ನನ್ನ ತೊಡೆಯ ಮೇಲಿದ್ದ ಫೈಲು ನೋಡಿ, "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ ಕಣವ್ವ" ಎಂದು ಗಾದೆ ಹೇಳಿ ಐಮಂಗಲಕ್ಕೆ ಮೊದಲೇ ಇಳಿದುಹೋದರು.

ನಾನು ಐಮಂಗಲದಲ್ಲಿ ಬಟ್ಟೆ ಹೊಲಿಯುತ್ತೇನೆ. ಬ್ಲೌಸು, ಚೂಡಿದಾರ, ಶಾಲೆ ಮಕ್ಕಳ ಯೂನಿಫಾರಂ. ಗಂಡ ಹೆದ್ದಾರಿ ಪಕ್ಕ ಲಾರಿ ತೂಗುವ ಕಡೆ ಕೆಲಸಕ್ಕೆ ಹೋಗುತ್ತಾನೆ. ನಮಗೆ ಒಬ್ಬಳೇ ಮಗಳು, ಈಗ ಆರು ವರ್ಷ. ಅವಳಿಗೆ ಫ್ರಾಕು ಹೊಲಿಯುವಾಗ ಎಡ ತೋಳನ್ನು ಬಲ ತೋಳಿಗಿಂತ ಒಂದೂಕಾಲು ಇಂಚು ಕಡಿಮೆ ಕತ್ತರಿಸುತ್ತೇನೆ. ಮೂರು ವರ್ಷದವಳಿದ್ದಾಗ ಮುಕ್ಕಾಲು ಇಂಚು ಸಾಕಾಗುತ್ತಿತ್ತು. ಅವಳು ಬೆಳೆದಂತೆ ಆ ಅಂತರವೂ ಬೆಳೆಯುತ್ತಿದೆ. ಆ ಕೈ ಭುಜದಿಂದ ಮೇಲಕ್ಕೇಳುವುದಿಲ್ಲ, ಜಡೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಅದೇ ಕೈಯಲ್ಲಿ ಪಕ್ಕದವರ ಮಗನಿಗೆ ಗುದ್ದುತ್ತಾಳೆ, ಅದಕ್ಕೇನೂ ಕಡಿಮೆಯಿಲ್ಲ.

ಆ ಕೈಗೆ ಏನಾಯಿತು, ಯಾರಿಂದ ಆಯಿತು ಎಂಬುದೇ ಕೇಸು. ಹೆರಿಗೆ ಆದದ್ದು ಇದೇ ಜಿಲ್ಲೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ. ಯಾವ ಊರು, ಯಾವ ಬೋರ್ಡು ಎಂದು ಇಲ್ಲಿ ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ಮೇಲ್ಮನವಿ ಇನ್ನೂ ನಡೆಯುತ್ತಿದೆ, ಬಾಯಿ ಬಿಗಿಹಿಡಿಯಿರಿ ಎಂದು ನಮ್ಮ ವಕೀಲರು ಹೇಳಿದ್ದಾರೆ. ನಾನು ಅವರ ಮಾತು ಕೇಳುವುದು ಅಪರೂಪ, ಇದೊಂದನ್ನು ಕೇಳಿದ್ದೇನೆ.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಎಂದು ಏಳು ತಿಂಗಳಿಗೇ ಬಾಗೂರಿಗೆ ಹೋಗಿದ್ದೆ. ಒಂದು ಬೆಳಿಗ್ಗೆ ನೋವು ಶುರುವಾಯಿತು. ಅವ್ವ ಬಟ್ಟೆ ಗಂಟು ಕಟ್ಟಿದಳು, ಊರಿನ ಓಮ್ನಿಯಲ್ಲಿ ಹೊರಟೆವು. ಬಿಸಿಲೇರುವ ಹೊತ್ತಿಗೆ ನನ್ನನ್ನು ಟೇಬಲ್ ಮೇಲೆ ಮಲಗಿಸಿದರು. ಮಗು ದೊಡ್ಡದಿತ್ತು. ಹೊಟ್ಟೆ ನೋಡಿದವರೆಲ್ಲ ತಿಂಗಳಿಂದ ಹೇಳುತ್ತಲೇ ಇದ್ದರು, ಡಾಕ್ಟರಮ್ಮ ಒಬ್ಬರನ್ನು ಬಿಟ್ಟು. ತಲೆ ಬಂತು. ಆಮೇಲೆ ಏನೂ ಬರಲಿಲ್ಲ. ಭುಜ ಸಿಕ್ಕಿಕೊಂಡಿತ್ತು. ಒಬ್ಬ ನರ್ಸು ಸ್ಟೂಲು ಹತ್ತಿ ನನ್ನ ಹೊಟ್ಟೆಯ ಮೇಲೆ ಎರಡೂ ಅಂಗೈ ಊರಿ ಅದುಮಿದಳು. ಡಾಕ್ಟರಮ್ಮ ಎಳೆದರು. "ಇನ್ನೊಂದ್ಸಲ" ಎಂದರು, ಮತ್ತೆ ಎಳೆದರು. ನಾನು ಕಿರುಚಿದಾಗ ನರ್ಸು, "ಬಾಯಿ ಮುಚ್ಕೊಂಡು ಮುಕ್ಕು ಕಣಮ್ಮ, ಮೊದಲ್ನೇದಕ್ಕೇ ಹಿಂಗಾಡ್ತೀಯಲ್ಲ" ಎಂದು ಗದರಿದಳು. ಬಾಯಿ ಮುಚ್ಚಿಕೊಂಡೆ. ಜೀವನದಲ್ಲಿ ನಾನು ಬಾಯಿ ಮುಚ್ಚಿಕೊಂಡದ್ದು ಅದೇ ಕೊನೆ.

ಮಗುವನ್ನು ಕುತ್ತಿಗೆಯವರೆಗೂ ಬಿಗಿಯಾಗಿ ಟವೆಲಿನಲ್ಲಿ ಸುತ್ತಿ ಕೊಟ್ಟರು. ಬಿಚ್ಚಬೇಡಿ, ಶೀತವಾಗುತ್ತದೆ, ನೀರು ಹಾಕಬೇಡಿ, ಮನೆಗೆ ಹೋದ ಮೇಲೆ ಹಾಕಿ ಎಂದರು. ದುಂಡು ಮುಖ, ಕೆನ್ನೆ ತುಂಬ ಮಾಂಸ, ನೋಡಿದವರೆಲ್ಲ ದೃಷ್ಟಿ ತೆಗೆಯುವವರೇ. ನಾಲ್ಕು ದಿನ ನಾನು ನನ್ನ ಮಗಳ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ನರ್ಸುಗಳು ಬಟ್ಟೆ ಬದಲಿಸಿ ಮತ್ತೆ ಸುತ್ತಿ ಕೊಡುತ್ತಿದ್ದರು. ಅವರು ನೋಡಿರಲೇಬೇಕು. ನೋಡಿಯೂ ಸುತ್ತಿ ಕೊಡುತ್ತಿದ್ದರಲ್ಲ, ಅದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಐದನೆಯ ದಿನ ಬಾಗೂರಿನ ಮನೆಯ ಬಚ್ಚಲಲ್ಲಿ ಆ ಟವೆಲನ್ನು ಪೂರ್ತಿಯಾಗಿ ಬಿಚ್ಚಿದವಳು ನಮ್ಮವ್ವ.

ನಮ್ಮವ್ವನ ಬಗ್ಗೆ ಹೇಳಬೇಕು. ನಮ್ಮ ಬೀದಿಯಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಎರೆಯುತ್ತಿದ್ದವಳು ಅವಳು. ಸೂಲಗಿತ್ತಿಯಲ್ಲ, ಹೆರಿಗೆ ಮಾಡಿಸುತ್ತಿರಲಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದು, ಅಷ್ಟೇ. ಮಣೆಯ ಮೇಲೆ ಕುಳಿತು, ಸೀರೆ ಮೊಣಕಾಲಿಗೆ ಸರಿಸಿ, ಎರಡೂ ಕಾಲು ನೀಡಿ, ಅದರ ಮೇಲೆ ಕೂಸನ್ನು ಮಲಗಿಸಿಕೊಂಡರೆ ಎಂಥಾ ಅಳುಬುರುಕ ಮಗುವೂ ಸುಮ್ಮನಾಗುತ್ತಿತ್ತು. ಯಾರ ಮನೆಯಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ಹೇ ಹುಚ್ಚಿ, ಕೂಸು ಮುಟ್ಟಾಕೂ ಕೂಲಿ ಕೊಡ್ತಾರೇನೆ?" ಎನ್ನುತ್ತಿದ್ದಳು. ಆ ಕೆಲಸದ ಬಗ್ಗೆ ಅವಳಿಗೆ ಒಳಗೊಳಗೇ ಜಂಬವಿತ್ತು, ಇರಬೇಕಾದ್ದೇ.

ಅವತ್ತು ಅವಳು ಬಚ್ಚಲಿಂದ ಬೇಗ ಬಂದುಬಿಟ್ಟಳು. ಕೂಸಿನ ಮೈಯಲ್ಲಿ ಎಣ್ಣೆ ಹಾಗೇ ಇತ್ತು. "ಇವತ್ತು ಬ್ಯಾಡ, ಕೂಸು ದಣಿದೈತೆ" ಎಂದು ಒರೆಸಿ ನನ್ನ ಪಕ್ಕ ಮಲಗಿಸಿದಳು. ಮಧ್ಯಾಹ್ನ ಊಟಕ್ಕೂ ಕೂರಲಿಲ್ಲ. ಮರುದಿನ ನಾನೇ ಕಂಡೆ: ಬಲಗೈ ಗಾಳಿಯಲ್ಲಿ ಆಡುತ್ತಿದೆ, ಎಡಗೈ ಒಗೆದು ಹಾಕಿದ ಬಟ್ಟೆಯ ಹಾಗೆ ಬಿದ್ದಿದೆ. ಎತ್ತಿ ಬಿಟ್ಟರೆ ಧೊಪ್ಪನೆ ಬೀಳುತ್ತದೆ. ಅವತ್ತೇ ಕೂಸನ್ನೆತ್ತಿಕೊಂಡು ನಾನೂ ಅವ್ವನೂ ನರ್ಸಿಂಗ್ ಹೋಮಿಗೆ ಓಡಿದೆವು. ಡಾಕ್ಟರಮ್ಮ ಮಗುವಿನ ಕೈ ಹಿಡಿದು ನೋಡಿದರು. ಒಂದು ಕ್ಷಣ, ಅಷ್ಟೇ. ಆಮೇಲೆ ಕೇಳಿದರು, "ಮನೇಲಿ ಯಾರು ಸ್ನಾನ ಮಾಡಿಸೋದು?"

"ನಾನೇ ಕಣವ್ವ" ಎಂದಳು ನಮ್ಮವ್ವ.

"ಅದೇ ನೋಡಿ" ಎಂದರು ಅವರು. "ಹಳೇ ಕಾಲದವರು ಕೈಕಾಲು ಹಿಡಿದು ಎಳೀತಾರೆ. ಬೆಳೀತಾ ಸರಿ ಹೋಗುತ್ತೆ ಬಿಡಿ."

'ಅದೇ ನೋಡಿ.' ಒಂದೇ ಉಸಿರಿನ ಮಾತು. ಅದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ಅವ್ವನ ಕಡೆಯೂ ನೋಡಲಿಲ್ಲ, ಬೇಸಿನ್ನಿನಲ್ಲಿ ಕೈ ತೊಳೆಯುತ್ತಿದ್ದರು. ನಾನು ಆಗ ಹಸಿ ಬಾಣಂತಿ, ಕಣ್ಣು ಕತ್ತಲಿಡುತ್ತಿತ್ತು, ಸರಿ ಹೋಗುತ್ತದೆ ಎಂಬ ಮಾತನ್ನಷ್ಟೇ ಹಿಡಿದುಕೊಂಡು ಬಂದೆ. ಅವ್ವ ಮೊದಲಿನ ಮಾತನ್ನು ಹಿಡಿದುಕೊಂಡು ಬಂದಳು.

ನಮ್ಮ ಬೀದಿಯ ಅಮ್ಮನ ಗುಡಿಯಲ್ಲಿ ಒಂದು ಪದ್ಧತಿಯಿದೆ. ತಪ್ಪು ಮಾಡಿದವರು ಮಂಗಳವಾರ ಪೂಜೆಯಾದ ಮೇಲೆ ಬಾಗಿಲಲ್ಲಿ ನಿಂತು, ಹತ್ತು ಜನ ಕೇಳುವ ಹಾಗೆ ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿ ಹೇಳಿಕೊಂಡರೆ ಅದು ಅಮ್ಮನಿಗೆ ಮುಟ್ಟುವುದಿಲ್ಲ ಎನ್ನುತ್ತಾರೆ. ಬೇಲಿ ಸರಿಸಿದವರು, ಅತ್ತೆಗೆ ಕೈ ಮಾಡಿದವರು, ಸುಳ್ಳು ಸಾಕ್ಷಿ ಹೇಳಿದವರು ಎಲ್ಲ ಅಲ್ಲಿ ನಿಂತು ಹೇಳಿದ್ದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹೇಳಿದ ಮೇಲೆ ಊರಿನವರು ಮತ್ತೆ ಆ ಮಾತೆತ್ತುವಂತಿಲ್ಲ. ಆ ಮಂಗಳವಾರ ನಮ್ಮವ್ವ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲೇ ಹೋಗಿ ನಿಂತು, "ತಾಯಿ, ಕೂಸಿನ ಕೈ ನನ್ನ ಕೈಯಾಗೆ ಹೋತು, ನನ್ನ ತಪ್ಪು, ನನ್ನ ಕೈ ತಗೋ, ಅದರ ಕೈ ಕೊಡು" ಎಂದು ಹೇಳಿ ಬಂದಳು. ನನಗೆ ಗೊತ್ತೇ ಇರಲಿಲ್ಲ. ಬಾಣಂತಿ ಕೋಣೆಯೊಳಗಿದ್ದ ನನಗೆ ಯಾರು ಹೇಳಬೇಕು? ಅವತ್ತಿನಿಂದ ಅವಳು ಯಾರ ಕೂಸಿಗೂ ಎರೆಯಲಿಲ್ಲ. ಕರೆಯಲು ಬಂದವರಿಗೆಲ್ಲ ಸೊಂಟ ನೋವು ಎಂದಳು. ನನ್ನ ಮಗಳಿಗೆ ಎರೆದವಳು ಪಕ್ಕದ ಮನೆಯ ಸೊಸೆ.

ಮಗಳಿಗೆ ಐದು ತಿಂಗಳಾದರೂ ಕೈ ಏಳಲಿಲ್ಲ. ಗಂಡ ರಜೆ ಹಾಕಿದ, ಬೆಂಗಳೂರಿನ ಮಕ್ಕಳ ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಮಗುವಿನ ಕೈಯನ್ನು ಎತ್ತಿ, ಇಳಿಸಿ, ತಿರುಗಿಸಿ ನೋಡಿ ಕೇಳಿದ ಮೊದಲ ಪ್ರಶ್ನೆಯೇ, "ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಿತ್ತಾ?" ಎಂದು. ತೆರೆದ ಬಾಯಿ ಮುಚ್ಚದೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು: ಕುತ್ತಿಗೆಯಿಂದ ಕೈಗೆ ಬರುವ ನರಗಳು, ತಲೆ ಹಿಡಿದು ಜೋರಾಗಿ ಎಳೆದಾಗ ಅವು ಹೇಗೆ ಜಗ್ಗಿ ಹರಿಯುತ್ತವೆ, ಭುಜ ಬಿಡಿಸಲು ಬೇರೆ ಏನೇನು ಮಾಡಬಹುದಿತ್ತು. ಎಣ್ಣೆ ಹಚ್ಚಿ ನೀರೆರೆದರೆ ಹೀಗಾಗುತ್ತದಾ ಎಂದು ಕೇಳಿದೆ. ಅವರಿಗೆ ನಗು ಬಂತು. ಹಾಗಾಗುವುದಿದ್ದರೆ ಕರ್ನಾಟಕದಲ್ಲಿ ಯಾರಿಗೂ ಕೈ ಇರುತ್ತಿರಲಿಲ್ಲ ಎಂದರು.

ಐಮಂಗಲಕ್ಕೆ ಬಂದವಳೇ ಅವ್ವನಿಗೆ ಫೋನು ಮಾಡಿ ಹೇಳಿದೆ. "ನನ್ನ ಸಮಾಧಾನಕ್ಕೆ ಹೇಳ್ತೀಯ ಬಿಡು" ಎಂದಳು. ಗುಡಿಯ ವಿಷಯ ಆಗಲೇ ನನಗೆ ಗೊತ್ತಾದದ್ದು, ಅವಳ ಬಾಯಿಂದಲೇ. ಫೋನು ಇಟ್ಟು ಮೆಷಿನ್ನಿನ ಮುಂದೆ ಕುಳಿತು ಜೋರಾಗಿ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಆ ಸಿಟ್ಟು ಇನ್ನೂ ಇಳಿದಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕಾಯಿ ಕದ್ದವರು ಬೇರೆ, ಹೆಗಲು ಮುಟ್ಟಿ ನೋಡಿಕೊಂಡವಳು ನಮ್ಮವ್ವ. ನನಗೆ ಪರಿಹಾರ ಬೇಕಿತ್ತು, ಮಗಳ ಚಿಕಿತ್ಸೆಗೆ ಬೇಕೇ ಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಎಳೆದ ಕೈ ನಮ್ಮವ್ವನದಲ್ಲ ಎಂದು ಸರ್ಕಾರದ ಕಾಗದದ ಮೇಲೆ, ಮೊಹರು ಹೊಡೆದು, ಯಾರಾದರೂ ಬರೆದು ಕೊಡಬೇಕಿತ್ತು.

ಹೆರಿಗೆಯ ದಾಖಲೆ ಕೇಳಲು ನರ್ಸಿಂಗ್ ಹೋಮಿಗೆ ಹೋದೆ. ಕೌಂಟರಿನ ಹುಡುಗಿ, "ಡಿಸ್ಚಾರ್ಜ್ ಕಾರ್ಡ್ ಕೊಟ್ಟಿದೀವಲ್ಲ ಮೇಡಂ" ಎಂದಳು. ಆ ಕಾರ್ಡಿನಲ್ಲಿ 'ಸಹಜ ಹೆರಿಗೆ, ತಾಯಿ ಮಗು ಕ್ಷೇಮ' ಎಂಬುದಷ್ಟೇ ಇತ್ತು. ನನಗೆ ಪೂರ್ತಿ ಕೇಸ್ ಶೀಟು ಬೇಕು ಎಂದೆ. ನಾಳೆ ಬನ್ನಿ ಎಂದರು. ನಾಳೆ ಹೋದೆ. ಮ್ಯಾನೇಜರ್ ಇಲ್ಲ ಎಂದರು. ಸರಿ, ಬರಲಿ, ಕಾಯುತ್ತೇನೆ ಎಂದು ಬ್ಯಾಗಿನಿಂದ ಗಿರಾಕಿಗಳ ಬ್ಲೌಸು ತೆಗೆದು, ಸಾಲಾಗಿ ಕುಳಿತ ಬಸುರಿಯರ ನಡುವೆ ಬೆಂಚಿನ ಮೇಲೆ ಕೂತು ಹೆಮ್ಮಿಂಗ್ ಶುರು ಮಾಡಿದೆ. ಮಗಳು ಕಾಲ ಬಳಿ ಆಡುತ್ತಿದ್ದಳು. ಪಕ್ಕದವರು ಸಹಜವಾಗಿ ಕೇಳುತ್ತಿದ್ದರು, "ಕೂಸಿನ ಕೈಗೆ ಏನಾಗೈತೆ?" ನಾನು ಸಹಜವಾಗಿ ಹೇಳುತ್ತಿದ್ದೆ. ಮೂರನೆಯ ದಿನ ಹನ್ನೊಂದು ಗಂಟೆಗೆಲ್ಲ ಜೆರಾಕ್ಸ್ ಪ್ರತಿ ನನ್ನ ಕೈಗೆ ಬಂತು. ಅಷ್ಟರಲ್ಲಿ ನಾಲ್ಕು ಬ್ಲೌಸಿಗೆ ಹುಕ್ಕು ಹಾಕಿ ಮುಗಿಸಿದ್ದೆ.

ಹಿರಿಯೂರಿನಲ್ಲಿ ಒಂದು ಹೋಟೆಲಿನ ಮೇಲಿನ ಕೋಣೆಯಲ್ಲಿ ಕೂರುವ ವಕೀಲರೊಬ್ಬರ ಬಳಿ ಹೋದೆ. ವಯಸ್ಸಾದವರು, ನಿಧಾನದ ಮನುಷ್ಯ. ದಾಖಲೆಯನ್ನೂ ಬೆಂಗಳೂರಿನ ಡಾಕ್ಟರು ಬರೆದುಕೊಟ್ಟ ಪತ್ರವನ್ನೂ ಎರಡೆರಡು ಸಲ ಓದಿದರು. "ಎರಡು ವರ್ಷದೊಳಗೆ ಹಾಕ್ಬೇಕಮ್ಮ, ಗ್ರಾಹಕರ ಆಯೋಗದಲ್ಲಿ. ಕೂಸಿಗೆ ಎಷ್ಟಾತು?" ಎಂದರು. ಒಂದೂವರೆ ಎಂದೆ. "ಹಂಗಾದ್ರೆ ಕುಂತ್ಕಳ್ರಿ, ಬರ್ಯಾಣ" ಎಂದು ಪೆನ್ನಿನ ಮುಚ್ಚಳ ತೆಗೆದರು. ಹೆರಿಗೆಯ ಟೇಬಲ್ಲಿನ ಮೇಲೆ ನಡೆದದ್ದನ್ನೆಲ್ಲ ಒಬ್ಬ ಗಂಡಸಿಗೆ ಬಿಡಿಸಿ ಹೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಕುಳಿತ ಮೇಲೆ ಸರಾಗವಾಗಿ ಹೇಳಿದೆ. ಅವರೇ ಎರಡು ಸಲ ಕಿಟಕಿಯ ಕಡೆ ತಿರುಗಿದರು.

ಆ ಕಡೆಯವರ ಉತ್ತರ ಬಂದದ್ದು ಹಲವು ತಿಂಗಳಾದ ಮೇಲೆ. ಹೆರಿಗೆ ಸಹಜವಾಗಿಯೇ ಆಯಿತು, ಭುಜ ಸಿಕ್ಕಿಕೊಂಡಿರಲಿಲ್ಲ, ಮಗುವಿನ ಅಜ್ಜಿ ಸ್ನಾನದ ವೇಳೆ ಕೈ ಎಳೆದದ್ದರಿಂದ ಹೀಗಾಗಿದೆ, ಇದನ್ನು ಸ್ವತಃ ಆ ಅಜ್ಜಿಯೇ ಊರಿನ ದೇವತೆಯ ಮುಂದೆ, ಜನರ ಸಮಕ್ಷಮದಲ್ಲಿ ಒಪ್ಪಿಕೊಂಡಿದ್ದಾರೆ. ನರ್ಸಿಂಗ್ ಹೋಮಿನ ಒಬ್ಬ ಆಯಾ ನಮ್ಮ ಪಕ್ಕದ ಬೀದಿಯವಳು. ಆ ಮಂಗಳವಾರ ಗುಡಿಯಲ್ಲಿದ್ದಳಂತೆ. ಗುಡಿಯ ಮಾತನ್ನು ಮತ್ತೆ ಎತ್ತಬಾರದು ಎಂಬುದು ಅವಳಿಗೂ ಗೊತ್ತಿತ್ತು. ಅವಳ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಅಜ್ಜಿಯನ್ನು ಕರೆಸಿ ಪ್ರಶ್ನಿಸಬೇಕು ಎಂದು ಅವರ ವಕೀಲರು ಅರ್ಜಿ ಹಾಕಿದರು. ಅಲ್ಲಿ ಬಹಳಷ್ಟು ಕಾಗದದಲ್ಲೇ ಮುಗಿಯುತ್ತದಂತೆ, ಆದರೆ ಅವರು ಹಟ ಹಿಡಿದರು. ಆಯೋಗದವರೂ ಒಪ್ಪಿದರು.

ನಾನು ಬಾಗೂರಿಗೆ ಹೋಗಿ ಅವ್ವನಿಗೆ ಪಾಠ ಹೇಳಿಕೊಡಲು ಕುಳಿತೆ. "ಗುಡಿಯಾಗೆ ಏನಂದಿ ಅಂತ ಕೇಳ್ತಾರೆ. ನೆನಪಿಲ್ಲ ಅನ್ನು. ಅಷ್ಟೇ."

"ಅಮ್ಮನ ಮುಂದೆ ಆಡಿದ ಮಾತು ನೆನಪಿಲ್ಲ ಅನ್ನಾಕೆ ಆಗ್ತೈತೇನೆ?"

"ಆಗ್ತೈತೆ. ವಯಸ್ಸಾಗೈತೆ, ಮರ್ತೋಗೈತೆ ಅನ್ನು."

"ನಿನ್ನ ಹೆತ್ತಿದ್ದು ನೆನಪೈತೆ, ಅದು ಮರ್ತೋತೇನು? ಹೋಗ್ಲೇ, ನನ್ನ ಕೈಲಿ ಆಗಲ್ಲ."

"ಹಂಗಾದ್ರೆ ನನ್ನ ಮಗಳ ಕೇಸು ನೀನೇ ಮುಳುಗಿಸು" ಎಂದುಬಿಟ್ಟೆ. ಅವಳು ಎದ್ದು ದನದ ಕೊಟ್ಟಿಗೆಗೆ ಹೋದಳು. ಅಂದ ಮಾತು ವಾಪಸು ಬರುವುದಿಲ್ಲ. ಅವತ್ತು ಊಟ ಮಾಡದೆ ಬಸ್ಸು ಹತ್ತಿದೆ.

ವಿಚಾರಣೆಯ ದಿನ ಅವಳು ಹೊಸದುರ್ಗ, ಹೊಳಲ್ಕೆರೆ ದಾಟಿಕೊಂಡು ಒಬ್ಬಳೇ ಬಂದಳು. ನಾನು ಐಮಂಗಲದಿಂದ ಹೋಗಿದ್ದೆ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡವಳೇ ಕೈಚೀಲ ಮುಂದೆ ಹಿಡಿದು, "ರೊಟ್ಟಿ ತಂದೀನಿ, ಸಿಟ್ಟು ಆಮೇಲೆ ಮಾಡು, ಮೊದ್ಲು ತಿನ್ನು" ಎಂದಳು. ತಿಂದೆ. ಆಮೇಲೆ ಆಟೋ ಹತ್ತಿದೆವು.

ಆಯೋಗದ ಕೋಣೆ ನಾನು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಎತ್ತರದ ಮೇಜಿನ ಹಿಂದೆ ಅಧ್ಯಕ್ಷರು, ಪಕ್ಕದಲ್ಲಿ ಸದಸ್ಯೆ ಒಬ್ಬರು, ಕೆಳಗೆ ಟೈಪಿಸ್ಟು. ಅವರ ವಕೀಲರು ಎದ್ದು ನಿಂತು ನಯವಾಗಿ ಕೇಳಿದರು. "ಅಮ್ಮಾ, ದೇವಸ್ಥಾನದಲ್ಲಿ ಹತ್ತು ಜನರ ಮುಂದೆ, ಮಗುವಿನ ಕೈ ಹೋಗಿದ್ದು ನನ್ನ ತಪ್ಪಿನಿಂದ ಅಂತ ಹೇಳಿದ್ರೋ ಇಲ್ಲವೋ? ಹೌದು ಅಥವಾ ಇಲ್ಲ, ಅಷ್ಟೇ ಹೇಳಿ."

ಅವ್ವ ನನ್ನ ಕಡೆ ನೋಡಲಿಲ್ಲ. "ಹೌದ್ರಿ" ಎಂದಳು.

ಆ ವಕೀಲರು ಇನ್ನೇನೂ ಕೇಳುವುದಿಲ್ಲ ಎಂದು ಕುಳಿತುಬಿಟ್ಟರು, ಊಟ ಮುಗಿಸಿ ಕೈ ತೊಳೆದವರ ಹಾಗೆ. ನಮ್ಮ ವಕೀಲರು ಕಾಗದ ತಿರುವುತ್ತಿದ್ದರು. ಅಷ್ಟರಲ್ಲಿ ಆ ಸದಸ್ಯೆ ಕನ್ನಡಕ ತೆಗೆದು ಅವ್ವನನ್ನು ನೋಡಿ ಕೇಳಿದರು, "ಅಜ್ಜಿ, ಅವತ್ತು ಮಗೂಗೆ ಹೇಗೆ ಎರೆದ್ರಿ? ತೋರಿಸ್ತೀರಾ?"

ತೋರಿಸುವುದು ಎಂದರೆ ನಮ್ಮವ್ವನಿಗೆ ಬಾಯಲ್ಲಿ ಹೇಳುವುದಲ್ಲ. ಅವಳು ಆ ಕೋಣೆಯ ನೆಲದ ಮೇಲೆ ಕುಳಿತೇಬಿಟ್ಟಳು. ಸೀರೆ ಮೊಣಕಾಲಿಗೆ ಸರಿಸಿ ಎರಡೂ ಕಾಲು ನೀಡಿದಳು. "ಅಮ್ಮಾ, ಮೇಲೆ ಕುಂತ್ಕಳ್ರಿ" ಎಂದು ಜವಾನ ಓಡಿ ಬಂದ. ಸದಸ್ಯೆ ಕೈಸನ್ನೆ ಮಾಡಿ ಅವನನ್ನು ನಿಲ್ಲಿಸಿದರು. ಅವ್ವ ನನ್ನ ದುಪ್ಪಟ್ಟಾ ಎಳೆದುಕೊಂಡು ಸುರುಳಿ ಸುತ್ತಿ ಕಾಲ ಮೇಲೆ ಮಲಗಿಸಿಕೊಂಡಳು, ಅದರ ಎರಡು ತುದಿಗಳನ್ನು ಕೈಗಳ ಹಾಗೆ ಹೊರಗೆ ಬಿಟ್ಟಳು. ಸುತ್ತ ಯಾರಿದ್ದಾರೆ ಎಂಬುದನ್ನು ಅವಳು ಮರೆತೇಬಿಟ್ಟಳು.

"ಮೊದ್ಲು ನೆತ್ತಿಗೆ ಹರಳೆಣ್ಣೆ" ಎಂದಳು. ಅಲ್ಲಿಲ್ಲದ ನೆತ್ತಿಯ ಮೇಲೆ ಅವಳ ಅಂಗೈ ತಿರುಗಿತು. "ಆಮೇಲೆ ಎದೆ, ಹೊಟ್ಟೆ. ಆಮೇಲೆ ಬಲಗೈ. ಭುಜದಿಂದ ಹಿಂಗೆ ಇಳಿಸ್ತೀವಿ, ಬೆರಳಿನ ತುದಿ ಮಟ. ಆಮೇಲೆ ಎಡಗೈ ಎತ್ತಬೇಕು, ಎಣ್ಣೆ ಹಚ್ಚಾಕೆ..." ಆ ತುದಿಯನ್ನು ಎರಡು ಬೆರಳಲ್ಲಿ ಎತ್ತಿದಳು. ಬಿಟ್ಟಳು. ಅದು ಬಿತ್ತು. ಅವಳ ಕೈ ಅಲ್ಲೇ ನಿಂತಿತು. "ಇಲ್ಲೇ ತಾಯಿ. ಇಲ್ಲೇ ಬಿತ್ತು. ನನ್ನ ಕೈಯಾಗೇ ಬಿತ್ತು" ಎಂದು ಅಳಲು ಶುರು ಮಾಡಿದಳು.

ಸದಸ್ಯೆ ಮೇಜಿನ ಮೇಲೆ ಮುಂದಕ್ಕೆ ಬಾಗಿದ್ದರು. "ಅಜ್ಜಿ, ಕೈಕಾಲು ಅಡ್ಡಡ್ಡ ಕತ್ತರಿ ಹಾಕಿ ಎಳೀತೀರಲ್ಲ, ಅದು ಯಾವಾಗ?"

ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಇಷ್ಟು ಓದಿದವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬಂತೆ ನೋಡಿದಳು. "ಎಣ್ಣೆ ಮುಗೀದೆ ಕತ್ತರಿ ಹೆಂಗ್ ಹಾಕ್ತಾರೆ ತಾಯಿ? ಮೈಗೆಲ್ಲಾ ಎಣ್ಣೆ ಆಗ್ಬೇಕು, ಮೈ ಸಡ್ಲ ಆಗ್ಬೇಕು, ಆಮೇಲಲ್ವಾ ಅದು?"

"ಅವತ್ತು ಕತ್ತರಿ ಹಾಕಿದ್ರಾ?"

"ಎಲ್ಲಿ ಹಾಕಾದು? ಕೈ ಬಿದ್ದಿದ್ದು ನೋಡಿ ನನ್ನ ಜೀವಾನೇ ಹೋತು. ಕಾಲಿಗೆ ಎಣ್ಣೇನೂ ಹಚ್ಲಿಲ್ಲ, ನೀರೂ ಹಾಕ್ಲಿಲ್ಲ. ಒರೆಸಿ ಮಲಗಿಸ್ದೆ."

"ಅಂದ್ರೆ ಅವತ್ತು ನೀವು ಮಗೂನ ಎಳೆದೇ ಇಲ್ಲ."

"ಎಣ್ಣೆ ಹಚ್ಚಾಕೆ ಎತ್ತಿದೆ, ಅಷ್ಟೇ. ಅದಕ್ಕೂ ಮುಂಚೆ ನಮ್ಮೋರು ಯಾರೂ ಮೈ ಮುಟ್ಟಿರ್ಲಿಲ್ಲ ತಾಯಿ, ಆಸ್ಪತ್ರೆಯೋರು ಸುತ್ತಿ ಕೊಟ್ಟಿದ್ದು ಹಂಗೇ ಇತ್ತು. ನಾನೇ ಮೊದ್ಲು ಬಿಚ್ಚಿದ್ದು."

ಅವರ ವಕೀಲರು ಎದ್ದು ಏನೋ ಆಕ್ಷೇಪಣೆ ಎಂದರು. ಅಧ್ಯಕ್ಷರು, "ನೀವೇ ತಾನೆ ಇವರನ್ನ ಕರೆಸಿದ್ದು" ಎಂದರು. ಟೈಪಿಸ್ಟು ಎಲ್ಲವನ್ನೂ ಬಡಿಯುತ್ತಿದ್ದಳು. ಇದನ್ನು ನಾನು ಇಷ್ಟು ವರ್ಷ ಅವಳನ್ನು ಕೇಳಿಯೇ ಇರಲಿಲ್ಲ. ನೀನು ಮಾಡಿಲ್ಲ, ನೀನು ಮಾಡಿಲ್ಲ ಎಂದು ನೂರು ಸಲ ಹೇಳಿದ್ದೆ, ಅವತ್ತು ಏನು ಮಾಡಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ನೆನಪಿಲ್ಲ ಎಂದು ಹೇಳು ಎಂದು ಕಲಿಸಲು ಹೋಗಿದ್ದೆನಲ್ಲ, ನನ್ನ ಬುದ್ಧಿಗಿಷ್ಟು!

ಹೊರಗೆ ಬಂದ ಮೇಲೆ ಅವಳ ಎರಡೂ ಕೈ ಹಿಡಿದುಕೊಂಡು, "ಅವ್ವ, ಗೊತ್ತಾತಾ? ನೀನು ಮುಟ್ಟಾಕೆ ಮುಂಚೇನೇ ಕೈ ಹೋಗಿತ್ತು" ಎಂದೆ. ಅವಳು, "ಏನೋಪ್ಪ, ನಂಗೇನು ತಿಳೀತೈತೆ, ಅಮ್ಮನಿಗೆ ಗೊತ್ತು" ಎಂದಳು. ಹೊಸದುರ್ಗದ ಬಸ್ಸಿಗೆ ಹತ್ತಿಸಿದೆ. ಕಿಟಕಿಯಲ್ಲಿ ಕುಳಿತವಳು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು.

ಆದೇಶ ಬರಲು ಮತ್ತೊಂದು ವರ್ಷ ಹಿಡಿಯಿತು. ನಮ್ಮ ಪರವಾಗಿ ಬಂತು. ಹೆರಿಗೆಯಲ್ಲಿ ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಂಡಿಲ್ಲ, ದಾಖಲೆಯಲ್ಲಿ ನಡೆದದ್ದನ್ನು ಬರೆದಿಲ್ಲ, ಪರಿಹಾರ ಕೊಡಬೇಕು ಎಂದಿತ್ತು. ನಾನು ಹುಡುಕಿದ ಸಾಲು ಹದಿನಾಲ್ಕನೆಯ ಪುಟದಲ್ಲಿತ್ತು. ಮಗುವಿನ ಅಜ್ಜಿಯ ಆರೈಕೆಗೂ ಈ ಗಾಯಕ್ಕೂ ಯಾವ ಸಂಬಂಧವೂ ಕಂಡುಬರುವುದಿಲ್ಲ ಎಂದು. ಮಗಳನ್ನು ಕರೆದುಕೊಂಡು ಬಾಗೂರಿಗೆ ಹೋಗಿ, ಪಡಸಾಲೆಯಲ್ಲಿ ಕುಳಿತು ಅವ್ವನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದಳು. ಓದಿದೆ. ಯಾರು ಬರೆದದ್ದು ಎಂದಳು. ಅಧ್ಯಕ್ಷರು, ಆ ಕನ್ನಡಕದ ಅಮ್ಮ ಇಬ್ಬರೂ ಸಹಿ ಹಾಕಿದ್ದಾರೆ ಎಂದು ಮೊಹರು ತೋರಿಸಿದೆ. ಅದರ ಮೇಲೆ ಬೆರಳಾಡಿಸಿದಳು, ಹೂಂ ಎಂದಳು, ಎದ್ದು ಹೋದಳು. ನನಗೆ ನಿರಾಸೆಯಾಯಿತು. ಇದಕ್ಕಾಗಿ ಇಷ್ಟು ವರ್ಷ ಓಡಾಡಿದ್ದೆನಾ ಎನ್ನಿಸಿತು.

ಆ ಕಡೆಯವರು ಬೆಂಗಳೂರಿಗೆ ಮೇಲ್ಮನವಿ ಹಾಕಿದರು. ಅದರ ಬೆನ್ನಿಗೇ ರಾಜಿಯ ಮಾತೂ ಬಂತು. ಅದನ್ನು ತಂದವರು ಹೊಸದುರ್ಗದ ಹಿರಿಯರೊಬ್ಬರು, ಎರಡೂ ಕಡೆಗೆ ಬೇಕಾದವರು, ನಮ್ಮ ತಂದೆ ಇದ್ದಾಗ ಮನೆಗೆ ಬರುತ್ತಿದ್ದವರು. ನನ್ನ ಹತ್ತಿರ ಬಂದರೆ ಉಪಯೋಗವಿಲ್ಲ ಎಂದು ಗೊತ್ತಿದ್ದರಿಂದ ನೇರವಾಗಿ ಬಾಗೂರಿಗೆ, ಅವ್ವನ ಹತ್ತಿರ ಹೋದರು. ಅವರ ದುರದೃಷ್ಟ, ಅವತ್ತು ನಾನೂ ಅಲ್ಲೇ ಇದ್ದೆ. ಒಳಗೆ ಮಗಳ ತಲೆ ಬಾಚುತ್ತಿದ್ದೆ. ಎದ್ದು ಬರಬೇಕೆಂದವಳು ಅವ್ವನ ದನಿ ಕೇಳಿ ಹೊಸ್ತಿಲ ಹಿಂದೆ ನಿಂತೆ.

"ಬರ್ರಿ ಅಣ್ಣಾ, ಕುಂತ್ಕಳ್ರಿ" ಎಂದಳು ಅವ್ವ. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು, ಎದ್ದೇಳಲಿಲ್ಲ.

ಅವರು ಹೇಳುವಷ್ಟನ್ನೂ ಹೇಳಿದರು. ಡಾಕ್ಟ್ರು ದೇವರಿದ್ದಂಗೆ, ಒಂದು ಹೆಸರು ಹಾಳಾದ್ರೆ ಹತ್ತು ಊರಿಗೆ ನಷ್ಟ, ನಿನ್ನ ಮಗಳು ಹಟಮಾರಿ, ನೀನು ದೊಡ್ಡಾಕಿ, ನೀನಾದ್ರೂ ತಿಳೀಸಿ ಹೇಳು. ಆದೇಶದಲ್ಲಿ ಇರುವಷ್ಟನ್ನೂ ಅವರು ಕೊಡುತ್ತಾರೆ, ಇಬ್ಬರೂ ಒಂದು ಕಾಗದಕ್ಕೆ ಸಹಿ ಹಾಕಿದರೆ ಸಾಕು. ಕೂಸಿನ ಕೈ ಹೇಗೆ ಹೋಯಿತೋ ಯಾರಿಗೂ ಗೊತ್ತಿಲ್ಲ, ಯಾರದೂ ತಪ್ಪಿಲ್ಲ ಎಂದು ಬರೆದಿರುವ ಕಾಗದ.

ಅವ್ವ ರೊಟ್ಟಿಯನ್ನು ಹೆಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಅವರ ಕಡೆ ತಿರುಗಿದಳು.

"ಕಾಗದ ಯಾಕಣ್ಣ? ಆ ಡಾಕ್ಟ್ರಮ್ಮನ್ನ ಒಂದು ಮಂಗಳವಾರ ಇಲ್ಲಿಗೆ ಕರ್ಕಂಡ್ ಬರ್ರಿ. ಗುಡಿ ಬಾಗ್ಲಾಗೆ ನಿಂತ್ಕಂಡು ಹತ್ತು ಜನದ ಮುಂದೆ ಬಾಯಿಬಿಟ್ಟು ಹೇಳ್ಲಿ. ಆಮೇಲೆ ನಾನೇ ಮಗಳಿಗೆ ಹೇಳಿ ಕೇಸು ತೆಗಿಸ್ತೀನಿ."

"ಅದೆಂಗಾಗ್ತೈತಮ್ಮ? ಅಷ್ಟು ದೊಡ್ಡ ಡಾಕ್ಟ್ರು..."

"ಯಾಕಾಗಲ್ಲ? ಮಾಡದೇ ಇರೋ ನಾನೇ ಹೇಳಿ ಬಂದೀನಿ. ಮಾಡಿದೋರಿಗೆ ಏನು ಕಷ್ಟ?"

ಮಾಡದೇ ಇರೋ ನಾನು. ಹೊಸ್ತಿಲ ಹಿಂದೆ ನಿಂತವಳು ಬಾಚಣಿಗೆ ಹಿಡಿದುಕೊಂಡೇ ಅಲ್ಲಿ ಕುಳಿತುಬಿಟ್ಟೆ. ಆ ಹಿರಿಯರು ಟವೆಲು ಕೊಡವಿಕೊಂಡು ಎದ್ದರು. "ರೊಟ್ಟಿ ತಿಂದ್ಕಂಡ್ ಹೋಗ್ರಿ ಅಣ್ಣಾ, ಬಿಸಿ ಐತೆ" ಎಂದು ಅವ್ವ ಹಿಂದಿನಿಂದ ಕೂಗಿದಳು. ಅವರು ನಿಲ್ಲಲಿಲ್ಲ.